ದೋಣಿ ಪ್ರಯಾಣಕ್ಕೆ ಮುನ್ನ ಹವಾಮಾನ ಹಾಗೂ ಉಬ್ಬರವಿಳಿತವನ್ನು ಪರಿಶೀಲಿಸಿ ಸಮಯ ನಿಗದಿಪಡಿಸುವ ಕ್ರಮ

(ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಬೆಳಗಾವಿ ಜಿಲ್ಲೆಯ ಮೇಲ್ಕಂಡ ನಾಲ್ಕು ತಾಲ್ಲೂಕುಗಳ ಸಾರ್ವಜನಿಕರು ದೋಣಿ ಪ್ರಯಾಣ ಮಾಡುವ ಸಂದರ್ಭಗಳು ಮುಖ್ಯವಾಗಿ ಎರಡು. ಮೊದಲನೆಯದು, ಮಲಪ್ರಭಾ ನದಿ ಹಾಗೂ ನವಿಲುತೀರ್ಥದ ರೇಣುಕಾಸಾಗರ ಜಲಾಶಯದ ಹಿನ್ನೀರಿನಲ್ಲಿ ತೆಪ್ಪ, ಹರಗೋಲು ಅಥವಾ ಯಾಂತ್ರಿಕ ದೋಣಿಗಳ ಮೂಲಕ ಸಂಚರಿಸುವುದು. ಎರಡನೆಯದು, ರಜೆ ಹಾಗೂ ಜಾತ್ರೆಗಳ ದಿನಗಳಲ್ಲಿ ಕರಾವಳಿಗೆ ತೆರಳಿ, ಕಾರವಾರದ ಸಮೀಪದ ಕೂರ್ಮಗಡ, ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ, ಮಲ್ಪೆಯ ಎದುರಿನ ಸೇಂಟ್ ಮೇರಿಸ್ ಮೊದಲಾದ ದ್ವೀಪಗಳಿಗೆ ಹೋಗುವುದು. ಈ ಎರಡೂ ಪ್ರಯಾಣಗಳನ್ನು ಸುರಕ್ಷಿತವಾಗಿ ಯೋಜಿಸುವ ಕ್ರಮವನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ದಿನಾಂಕ 21-01-2019ರಂದು ಕಾರವಾರದ ಕೂರ್ಮಗಡ ದ್ವೀಪದ ಶ್ರೀ ನರಸಿಂಹ ದೇವರ ಜಾತ್ರೆಯ ಸಂದರ್ಭದಲ್ಲಿ ದೋಣಿಯೊಂದು ಮಗುಚಿ 16 ಜನರು ಮೃತಪಟ್ಟರು. ಮೃತರಲ್ಲಿ ಒಳನಾಡಿನಿಂದ ಬಂದಿದ್ದವರೂ ಇದ್ದರು. ಆ ದಿನ ಪುಷ್ಯ ಮಾಸದ ಹುಣ್ಣಿಮೆ. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ ಎಂದು ಆಚರಿಸಲ್ಪಡುವ ದಿನವೂ ಅದೇ ಆಗಿರುತ್ತದೆ. ನಮ್ಮ ಭಾಗದ ಜನರು ಹುಣ್ಣಿಮೆಯಂದು ದೇವರ ದರ್ಶನಕ್ಕೆ ಹೊರಡುವುದು ರೂಢಿ. ಗುಡ್ಡದಲ್ಲಿ ಹುಣ್ಣಿಮೆ ಎಂದರೆ ಜನಸಂದಣಿ ಮಾತ್ರ. ಸಮುದ್ರದಲ್ಲಿ ಹುಣ್ಣಿಮೆ ಎಂದರೆ ಜನಸಂದಣಿಯ ಜೊತೆಗೆ ನೀರಿನ ದೊಡ್ಡ ಏರಿಳಿತವೂ ಹೌದು. ಈ ವ್ಯತ್ಯಾಸವನ್ನು ಪ್ರತಿಯೊಬ್ಬ ಪ್ರಯಾಣಿಕರೂ ತಿಳಿದಿರುವುದು ಅವಶ್ಯ.

ಈ ಪುಟದಲ್ಲಿ ನೀಡಿರುವ ಎಲ್ಲ ಸೂಚನೆಗಳ ಸಾರಾಂಶವು ಒಂದೇ ಆಗಿರುತ್ತದೆ: ಹೋಗುವ ಸಮಯವನ್ನು ನಿರ್ಧರಿಸುವ ಮೊದಲು ಮರಳುವ ಸಮಯವನ್ನು ನಿರ್ಧರಿಸತಕ್ಕದ್ದು. ದ್ವೀಪಕ್ಕೆ ಹೋಗುವುದು ಪ್ರಯಾಣಿಕರ ಇಚ್ಛೆಗೆ ಬಿಟ್ಟ ವಿಷಯ. ಹೋದ ನಂತರ ಮರಳಿ ಬರುವುದು ಗಾಳಿ ಮತ್ತು ನೀರಿನ ಅಧೀನಕ್ಕೆ ಒಳಪಟ್ಟ ವಿಷಯವಾಗಿರುತ್ತದೆ.

2. ನದಿಯ ನೀರು ಮತ್ತು ಸಮುದ್ರದ ನೀರು: ವ್ಯತ್ಯಾಸ

ಮಲಪ್ರಭಾ ನದಿಯು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಎಂ.ಕೆ. ಹುಬ್ಬಳ್ಳಿಯನ್ನು ಹಾದು, ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಜಲಾಶಯವನ್ನು ಸೇರುತ್ತದೆ. ಅಲ್ಲಿಂದ ಮುನವಳ್ಳಿ, ರಾಮದುರ್ಗಗಳ ಮೂಲಕ ಮುಂದುವರಿದು ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿಕೊಳ್ಳುತ್ತದೆ. ಈ ನದಿಯ ನೀರು ಯಾವಾಗಲೂ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಮೇಲ್ಭಾಗದಲ್ಲಿ ಮಳೆಯಾದರೆ ಅಥವಾ ಜಲಾಶಯದಿಂದ ನೀರು ಬಿಟ್ಟರೆ ಏರುತ್ತದೆ, ಇಲ್ಲವಾದರೆ ಇಳಿಯುತ್ತದೆ.

ಸಮುದ್ರದ ನೀರು ಹಾಗಲ್ಲ. ಮಳೆ ಇರಲಿ, ಇಲ್ಲದಿರಲಿ, ಚಂದ್ರ ಮತ್ತು ಸೂರ್ಯರ ಆಕರ್ಷಣೆಯಿಂದ ಕರ್ನಾಟಕದ ಕರಾವಳಿಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ ಏರುತ್ತದೆ ಮತ್ತು ಎರಡು ಬಾರಿ ಇಳಿಯುತ್ತದೆ. ಏರುವುದನ್ನು ಉಬ್ಬರ ಅಥವಾ ಭರತವೆಂದೂ, ಇಳಿಯುವುದನ್ನು ಇಳಿತವೆಂದೂ ಕರೆಯಲಾಗುತ್ತದೆ. ಇದರ ಬಗ್ಗೆ ತಿಳಿದಿರಬೇಕಾದ ಅಂಶಗಳು ಕೆಳಕಂಡಂತಿವೆ:

ಅ) ಒಂದು ಪೂರ್ಣ ಭರತದಿಂದ ಮುಂದಿನ ಪೂರ್ಣ ಇಳಿತಕ್ಕೆ ಸರಾಸರಿ 6 ಗಂಟೆ 12 ನಿಮಿಷ ಬೇಕಾಗುತ್ತದೆ. ಆದ್ದರಿಂದ ಭರತದ ಸಮಯವು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಕಳೆದ ವಾರ ಬಂದವರು ಹೇಳಿದ ಸಮಯವು ಈ ವಾರಕ್ಕೆ ಅನ್ವಯಿಸುವುದಿಲ್ಲ.

ಆ) ಹುಣ್ಣಿಮೆ ಹಾಗೂ ಅಮಾವಾಸ್ಯೆಯ ಸುಮಾರಿನಲ್ಲಿ, ವಿಶೇಷವಾಗಿ ಅವುಗಳ ನಂತರದ ಒಂದೆರಡು ದಿನಗಳಲ್ಲಿ, ಏರಿಳಿತದ ಪ್ರಮಾಣ ಹೆಚ್ಚಾಗಿರುತ್ತದೆ. ಅಷ್ಟಮಿಯ ನಂತರದ ಒಂದೆರಡು ದಿನಗಳಲ್ಲಿ ಅದು ಕಡಿಮೆ ಇರುತ್ತದೆ. ಏರಿಳಿತ ಹೆಚ್ಚಿರುವ ದಿನ ನೀರಿನ ಸೆಳೆತವೂ ಹೆಚ್ಚಿರುತ್ತದೆ.

ಇ) ಒಂದೇ ದಿನದ ಎರಡು ಭರತಗಳು ಸಮನಾಗಿರಬೇಕೆಂದಿಲ್ಲ. ಒಂದು ದೊಡ್ಡದಾಗಿಯೂ ಇನ್ನೊಂದು ಚಿಕ್ಕದಾಗಿಯೂ ಇರಬಹುದು.

ಈ) ನೀರು ಆರು ಗಂಟೆಗಳ ಕಾಲ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಒಟ್ಟು ಇಳಿತವನ್ನು 12 ಭಾಗ ಮಾಡಿದರೆ ಮೊದಲ ಗಂಟೆಯಲ್ಲಿ 1 ಭಾಗ, ಎರಡನೆಯ ಗಂಟೆಯಲ್ಲಿ 2, ಮೂರನೆಯದರಲ್ಲಿ 3, ನಾಲ್ಕನೆಯದರಲ್ಲಿ 3, ಐದನೆಯದರಲ್ಲಿ 2 ಹಾಗೂ ಆರನೆಯ ಗಂಟೆಯಲ್ಲಿ 1 ಭಾಗ ಇಳಿಯುತ್ತದೆ ಎಂಬುದು ನಾವಿಕರ ಅಂದಾಜು ಲೆಕ್ಕ. ಒಟ್ಟು ಇಳಿತ 180 ಸೆಂ.ಮೀ. ಇದ್ದರೆ ಕ್ರಮವಾಗಿ 15, 30, 45, 45, 30 ಹಾಗೂ 15 ಸೆಂ.ಮೀ. ಆಗುತ್ತದೆ. ಅಂದರೆ ನಡುವಿನ ಎರಡು ಗಂಟೆಗಳಲ್ಲಿಯೇ ಅರ್ಧದಷ್ಟು ನೀರು ಹಿಂದೆ ಸರಿಯುತ್ತದೆ. ಸೆಳೆತವು ಸಾಮಾನ್ಯವಾಗಿ ಈ ಅವಧಿಯಲ್ಲಿಯೇ ಅತಿ ಹೆಚ್ಚು.

ಪಂಚಾಂಗವನ್ನು ನೋಡಿದರೆ ಏರಿಳಿತ ದೊಡ್ಡದೋ ಚಿಕ್ಕದೋ ಎಂಬುದು ತಿಳಿಯುತ್ತದೆ. ಆದರೆ ಯಾವ ಬಂದರಿನಲ್ಲಿ ಎಷ್ಟು ಗಂಟೆಗೆ ಎಂಬುದು ತಿಳಿಯುವುದಿಲ್ಲ. ಅದಕ್ಕಾಗಿ ಭಾರತೀಯ ಸರ್ವೇಕ್ಷಣಾ ಇಲಾಖೆಯು ಪ್ರತಿ ವರ್ಷ ಪ್ರಕಟಿಸುವ ಉಬ್ಬರವಿಳಿತ ಕೋಷ್ಟಕವನ್ನು ನೋಡಬೇಕು ಅಥವಾ ಸಂಬಂಧಿಸಿದ ಬಂದರು ಕಚೇರಿಯಲ್ಲಿ ವಿಚಾರಿಸಬೇಕು.

3. ಅಳಿವೆಯ ಬಗ್ಗೆ ವಿಶೇಷ ಎಚ್ಚರಿಕೆ

ನದಿಯು ಸಮುದ್ರವನ್ನು ಸೇರುವ ಜಾಗವನ್ನು ಕರಾವಳಿಯಲ್ಲಿ ಅಳಿವೆ ಎನ್ನುತ್ತಾರೆ. ಇಲ್ಲಿ ಮರಳಿನ ದಿಬ್ಬಗಳಿರುವುದರಿಂದ ಆಳ ಕಡಿಮೆ. ಇಳಿತದ ಸಮಯದಲ್ಲಿ ನದಿಯ ನೀರು ಹಾಗೂ ಸಮುದ್ರದ ನೀರು ಎರಡೂ ಸೇರಿ ಹೊರಮುಖವಾಗಿ ರಭಸದಿಂದ ಹರಿಯುತ್ತವೆ. ಅದೇ ಸಮಯದಲ್ಲಿ ಪಶ್ಚಿಮದಿಂದ ಗಾಳಿ ಹಾಗೂ ಅಲೆಗಳು ಒಳಮುಖವಾಗಿ ಬಂದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ ಎದ್ದು ಮುರಿಯತೊಡಗುತ್ತವೆ. ಹೊರಗಿನ ಸಮುದ್ರ ಶಾಂತವಾಗಿದ್ದರೂ ಅಳಿವೆಯಲ್ಲಿ ದೋಣಿ ಮಗುಚುವ ಸಂಭವವಿರುತ್ತದೆ.

ಬೆಳಿಗ್ಗೆ ಭರತದ ನೀರಿನಲ್ಲಿ ಸುಲಭವಾಗಿ ದಾಟಿದ ಅಳಿವೆಯೇ ಮಧ್ಯಾಹ್ನ ಇಳಿತದಲ್ಲಿ ಬೇರೆಯದೇ ಜಾಗವಾಗಿರುತ್ತದೆ. "ಬರುವಾಗ ಏನೂ ಆಗಲಿಲ್ಲ" ಎಂಬುದು ಮರಳುವ ಪ್ರಯಾಣಕ್ಕೆ ಆಧಾರವಾಗಲಾರದು.

ಇಳಿತದ ಕೊನೆಯಲ್ಲಿ ದ್ವೀಪದ ಸುತ್ತಲಿನ ಬಂಡೆಗಳು ಮೇಲೆ ಬರುವುದರಿಂದ ದೋಣಿಯು ದಡಕ್ಕೆ ತಾಗಲು ಸಾಧ್ಯವಾಗದೆ ಹೋಗಬಹುದು. ಆಗ ಪ್ರಯಾಣಿಕರು ಪಾಚಿ ಹಿಡಿದ ಬಂಡೆಗಳ ಮೇಲೆ ನಡೆದು ಏರಬೇಕಾಗುತ್ತದೆ. ವೃದ್ಧರು ಹಾಗೂ ಮಕ್ಕಳಿರುವ ತಂಡಗಳು ಇದನ್ನು ಮುಂಚಿತವಾಗಿ ಗಮನದಲ್ಲಿಡಬೇಕು.

4. ಗಾಳಿ ಮತ್ತು ಅಲೆ

ಮಳೆಗಾಲದ ಹೊರತಾದ ತಿಂಗಳುಗಳಲ್ಲಿ ಕರಾವಳಿಯ ಗಾಳಿಗೆ ಒಂದು ದಿನಚರಿ ಇದೆ. ಒಣ ನೆಲವು ನೀರಿಗಿಂತ ಬೇಗ ಕಾಯುತ್ತದೆ ಹಾಗೂ ಬೇಗ ತಣಿಯುತ್ತದೆ ಎಂಬುದು ರೈತಾಪಿ ಜನರಿಗೆ ತಿಳಿದ ವಿಷಯವೇ. ನೆಲವು ರಾತ್ರಿ ತಣಿಯುವುದರಿಂದ ಬೆಳಗಿನ ಜಾವ ನೆಲದ ಕಡೆಯಿಂದ ಸಮುದ್ರಕ್ಕೆ ಮೆಲ್ಲನೆ ಗಾಳಿ ಬೀಸುತ್ತದೆ ಮತ್ತು ಸಮುದ್ರ ಬಹುಮಟ್ಟಿಗೆ ಶಾಂತವಾಗಿರುತ್ತದೆ. ಹೊತ್ತೇರಿ ನೆಲ ಕಾದಂತೆ ಗಾಳಿಯು ಸಮುದ್ರದಿಂದ ನೆಲದ ಕಡೆಗೆ ತಿರುಗಿ, ಮಧ್ಯಾಹ್ನದ ನಂತರ ಜೋರಾಗುತ್ತದೆ. ಆದ್ದರಿಂದ ದ್ವೀಪ ಪ್ರಯಾಣಕ್ಕೆ ಬೆಳಗಿನ ಸಮಯವೇ ಸೂಕ್ತ.

ಇಲ್ಲಿಯೇ ನಮ್ಮ ಭಾಗದ ಪ್ರಯಾಣಿಕರಿಗೆ ತೊಂದರೆ ಇರುವುದು. ಸವದತ್ತಿ ಅಥವಾ ರಾಮದುರ್ಗದಿಂದ ಬೆಳಿಗ್ಗೆ ಆರು-ಏಳು ಗಂಟೆಗೆ ಹೊರಟ ವಾಹನವು ಧಾರವಾಡ, ಯಲ್ಲಾಪುರ, ಅಂಕೋಲಾ ಮಾರ್ಗವಾಗಿ ಕಾರವಾರ ತಲುಪುವಾಗ ಮಧ್ಯಾಹ್ನವಾಗಿರುತ್ತದೆ. ಕರಾವಳಿಯ ಅನುಭವಸ್ಥರು ದಡಕ್ಕೆ ಮರಳುವ ಹೊತ್ತಿಗೆ ಒಳನಾಡಿನವರು ದೋಣಿ ಏರಲು ಸಾಲಿನಲ್ಲಿ ನಿಂತಿರುತ್ತಾರೆ. ಇಷ್ಟು ದೂರ ಬಂದು ಹಾಗೆಯೇ ಹೋಗುವುದು ಹೇಗೆ ಎಂಬ ಭಾವನೆ ಸಹಜವಾದರೂ, ಅಪಾಯಕಾರಿ. ಹಿಂದಿನ ರಾತ್ರಿಯೇ ಕರಾವಳಿಯಲ್ಲಿ ತಂಗಿ, ಮರುದಿನ ಬೆಳಿಗ್ಗೆ ಮೊದಲ ದೋಣಿಯಲ್ಲಿ ಹೋಗುವಂತೆ ಕಾರ್ಯಕ್ರಮ ರೂಪಿಸಿಕೊಳ್ಳಲು ಕೋರಲಾಗಿದೆ.

ಗಾಳಿಯಿಲ್ಲದೆಯೂ ಅಲೆಗಳು ಏಳಬಹುದು. ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿ.ಮೀ. ಸಾಗಿ, ಆಕಾಶ ತಿಳಿಯಾಗಿರುವಾಗಲೇ ನಮ್ಮ ತೀರವನ್ನು ಅಪ್ಪಳಿಸುವುದುಂಟು. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್, ಅಂದರೆ ಕಳ್ಳನಂತೆ ಬರುವ ಕಡಲು ಎನ್ನುತ್ತಾರೆ. ಕಣಕುಂಬಿಯಲ್ಲಿ ಸುರಿದ ಮಳೆಯು ರಾಮದುರ್ಗದಲ್ಲಿ ಬಿಸಿಲಿರುವಾಗ ಪ್ರವಾಹವಾಗಿ ಬರುವುದಕ್ಕೆ ಇದನ್ನು ಹೋಲಿಸಬಹುದು. ನಿಂತ ಜಾಗದ ಆಕಾಶವನ್ನು ನೋಡಿ ನೀರನ್ನು ಅಳೆಯಬಾರದು ಎಂಬ ಪಾಠವು ಎರಡೂ ಕಡೆ ಒಂದೇ.

5. ಮುನ್ಸೂಚನೆ ಪಡೆಯುವ ಸ್ಥಳಗಳು

ಅ) ಭಾರತ ಹವಾಮಾನ ಇಲಾಖೆ: ಜಿಲ್ಲಾವಾರು ಮಳೆ, ಗುಡುಗು ಹಾಗೂ ಗಾಳಿಯ ಮುನ್ಸೂಚನೆಯನ್ನು ಹಸಿರು, ಹಳದಿ, ಕಿತ್ತಳೆ ಮತ್ತು ಕೆಂಪು ಎಂಬ ನಾಲ್ಕು ಬಣ್ಣಗಳಲ್ಲಿ ನೀಡುತ್ತದೆ. ಮೀನುಗಾರರಿಗೆ ಪ್ರತ್ಯೇಕ ಎಚ್ಚರಿಕೆಯನ್ನೂ ಪ್ರಕಟಿಸುತ್ತದೆ. ಮೀನುಗಾರರು ಸಮುದ್ರಕ್ಕೆ ಇಳಿಯಬಾರದೆಂಬ ಎಚ್ಚರಿಕೆ ಇರುವ ದಿನ ಪ್ರವಾಸಿಗರು ಇಳಿಯುವ ಪ್ರಶ್ನೆಯೇ ಉದ್ಭವಿಸುವುದಿಲ್ಲ.

ಆ) ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ: ಅಲೆಗಳ ಎತ್ತರ, ದೂರದಿಂದ ಬರುವ ಅಲೆಗಳು ಹಾಗೂ ಸಾಗರ ಪ್ರವಾಹಗಳ ಮುನ್ಸೂಚನೆಯನ್ನು ನೀಡುತ್ತದೆ. ಮೇಲೆ ತಿಳಿಸಿದ ಕಳ್ಳಕ್ಕಡಲ್ ಎಚ್ಚರಿಕೆಯೂ ಇಲ್ಲಿಂದಲೇ ಹೊರಡುತ್ತದೆ.

ಇ) ಬಂದರು ಸಂಕೇತಗಳು: ಚಂಡಮಾರುತ ಹಾಗೂ ಬಿರುಗಾಳಿಯ ಸಂದರ್ಭದಲ್ಲಿ ಬಂದರುಗಳಲ್ಲಿ 1ರಿಂದ 11ರವರೆಗಿನ ಸಂಕೇತಗಳನ್ನು ಏರಿಸಲಾಗುತ್ತದೆ. ಸಂಖ್ಯೆ ಹೆಚ್ಚಿದಂತೆ ಅಪಾಯ ಹೆಚ್ಚು. ಪ್ರವಾಸಿಗರ ಮಟ್ಟಿಗೆ ಯಾವುದೇ ಸಂಕೇತ ಏರಿದ್ದರೂ ಪ್ರಯಾಣವನ್ನು ಮುಂದೂಡುವುದು ಸರಿಯಾದ ಕ್ರಮ.

ಈ) ಸಿಡಿಲಿನ ಎಚ್ಚರಿಕೆಗಾಗಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯು ರೂಪಿಸಿರುವ ದಾಮಿನಿ ಎಂಬ ಮೊಬೈಲ್ ಆ್ಯಪ್ ಅನ್ನು ಬಳಸಬಹುದು.

ಮುನ್ಸೂಚನೆಯನ್ನು ಪ್ರಯಾಣದ ಮುನ್ನಾದಿನ ಸಂಜೆ ಒಮ್ಮೆ, ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ ನೋಡಬೇಕು. ಎರಡರಲ್ಲಿ ವ್ಯತ್ಯಾಸ ಕಂಡುಬಂದರೆ ಕೆಟ್ಟದ್ದಾಗಿರುವುದನ್ನೇ ನಂಬಿ ನಡೆಯುವುದು ಒಳಿತು. ಮಳೆಗಾಲದ ತಿಂಗಳುಗಳಲ್ಲಿ ದ್ವೀಪಗಳಿಗೆ ಪ್ರವಾಸಿ ದೋಣಿಗಳ ಸಂಚಾರವನ್ನು ನಿಲ್ಲಿಸಲಾಗುತ್ತದೆ. ಆ ಅವಧಿಯಲ್ಲಿ ಖಾಸಗಿಯಾಗಿ ಯಾರಾದರೂ ಕರೆದೊಯ್ಯುತ್ತೇವೆಂದು ಹೇಳಿದರೆ ಒಪ್ಪಬಾರದು.

6. ಸಮಯದ ಜಮಾ-ಖರ್ಚು: ಒಂದು ಮಾದರಿ

ಕೆಳಗಿನ ಲೆಕ್ಕವು ತಿಳುವಳಿಕೆಗಾಗಿ ನೀಡಿದ ಮಾದರಿ ಮಾತ್ರ. ಸಮಯಗಳನ್ನು ಕಲ್ಪಿಸಿಕೊಳ್ಳಲಾಗಿದ್ದು, ನೈಜ ಪ್ರಯಾಣಕ್ಕೆ ಆ ದಿನದ ಕೋಷ್ಟಕವನ್ನೇ ಅನುಸರಿಸತಕ್ಕದ್ದು.

ದ್ವೀಪವು ದಡದಿಂದ 6 ಕಿ.ಮೀ. ದೂರದಲ್ಲಿದೆ, ದೋಣಿಯ ವೇಗ ನಿಂತ ನೀರಿನಲ್ಲಿ ಗಂಟೆಗೆ 12 ಕಿ.ಮೀ. ಇದೆ ಎಂದು ಇಟ್ಟುಕೊಳ್ಳೋಣ. ಆ ದಿನದ ಪೂರ್ಣ ಭರತ ಬೆಳಿಗ್ಗೆ 9.30ಕ್ಕೆ, ಪೂರ್ಣ ಇಳಿತ ಮಧ್ಯಾಹ್ನ 3.40ಕ್ಕೆ. ಮರಳುವಾಗ ಅಳಿವೆಯನ್ನು ದಾಟಬೇಕಾಗಿದೆ.

ಮೊದಲು ಮರಳುವ ಲೆಕ್ಕ. ಇಳಿತದ ಮೂರನೆಯ ಹಾಗೂ ನಾಲ್ಕನೆಯ ಗಂಟೆಗಳು, ಅಂದರೆ 11.30ರಿಂದ 1.30ರವರೆಗೆ ಸೆಳೆತ ಅತ್ಯಧಿಕ. ಅದರ ನಂತರ ಸಮುದ್ರದ ಗಾಳಿ ಜೋರಾಗುತ್ತದೆ. ಆದ್ದರಿಂದ 11.30ರೊಳಗೆ ದಡ ಸೇರಲೇಬೇಕು. ಮರಳುವಾಗ ಎದುರು ಸೆಳೆತ ಗಂಟೆಗೆ 3 ಕಿ.ಮೀ. ಇದ್ದರೆ ದೋಣಿಯ ನಿಜವಾದ ವೇಗ 9 ಕಿ.ಮೀ.ಗೆ ಇಳಿದು, 30 ನಿಮಿಷದ ಪ್ರಯಾಣಕ್ಕೆ 40 ನಿಮಿಷ ಬೇಕಾಗುತ್ತದೆ. ಅನಿರೀಕ್ಷಿತ ವಿಳಂಬಕ್ಕೆ 20 ನಿಮಿಷ ಮೀಸಲು. ಹಾಗಾಗಿ ದ್ವೀಪದಿಂದ 10.30ಕ್ಕೆ ಹೊರಡಬೇಕು. ಎಲ್ಲರೂ ಸೇರಿ ದೋಣಿ ಏರಲು 20 ನಿಮಿಷ ಹಿಡಿಯುವುದರಿಂದ 10.10ಕ್ಕೆ ದಡದ ಬಳಿ ಕೂಡಬೇಕು.

ಇನ್ನು ಹೋಗುವ ಲೆಕ್ಕ. ಕರಾವಳಿಯಲ್ಲಿ ರಾತ್ರಿ ತಂಗಿದ್ದ ತಂಡವು 8.00ಕ್ಕೆ ಹೊರಟು 8.30ಕ್ಕೆ ದ್ವೀಪ ತಲುಪುತ್ತದೆ. ಅವರಿಗೆ ದ್ವೀಪದಲ್ಲಿ 1 ಗಂಟೆ 40 ನಿಮಿಷ ಸಿಗುತ್ತದೆ. ನಸುಕಿನ 4.00ಕ್ಕೆ ಊರು ಬಿಟ್ಟು ಐದು ಗಂಟೆ ಪ್ರಯಾಣಿಸಿ ಬಂದ ತಂಡವು 9.00ಕ್ಕೆ ತಲುಪಿ, ವಾಹನ ನಿಲುಗಡೆ, ಟಿಕೆಟ್ ಮುಗಿಸಿ 9.30ಕ್ಕೆ ದೋಣಿ ಏರಿ 10.00ಕ್ಕೆ ದ್ವೀಪ ಸೇರುತ್ತದೆ. ಅವರ ಪಾಲಿಗೆ ಉಳಿಯುವುದು 10 ನಿಮಿಷ. ಬೆಳಿಗ್ಗೆ 7.00ಕ್ಕೆ ಊರು ಬಿಟ್ಟವರ ಖಾತೆಯಲ್ಲಿ ಆ ದಿನ ಉಳಿಕೆ ಏನೂ ಇರುವುದಿಲ್ಲ.

ಹೀಗೆ ಲೆಕ್ಕ ಹಾಕಿದಾಗ ಉಳಿಕೆ ಸಿಗದಿದ್ದರೆ ಪ್ರಯಾಣವನ್ನು ಕೈಬಿಡಬೇಕು. ಮೀಸಲು ಸಮಯವನ್ನು ಖರ್ಚಿಗೆ ಸೇರಿಸಿಕೊಂಡು ಲೆಕ್ಕ ಸರಿದೂಗಿಸುವುದು ತರವಲ್ಲ. ಇಂಧನಕ್ಕೂ ಇದೇ ನಿಯಮ: ಮೂರನೆಯ ಒಂದು ಭಾಗ ಹೋಗಲು, ಮೂರನೆಯ ಒಂದು ಭಾಗ ಬರಲು, ಉಳಿದ ಒಂದು ಭಾಗ ಮೀಸಲು.

ಹುಟ್ಟು ಹಾಕುವ ದೋಣಿಯಾದರೆ ಲೆಕ್ಕ ಇನ್ನೂ ಬಿಗಿ. ಗಂಟೆಗೆ 4 ಕಿ.ಮೀ. ಸಾಗುವ ದೋಣಿಗೆ 3 ಕಿ.ಮೀ. ಎದುರು ಸೆಳೆತ ಬಂದರೆ ಒಂದು ಗಂಟೆ ಶ್ರಮಿಸಿದರೂ 1 ಕಿ.ಮೀ. ಮಾತ್ರ ಸಾಗುತ್ತದೆ.

7. ದೋಣಿ ಏರುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಯಾಂತ್ರಿಕ ಒಳನಾಡು ದೋಣಿಗಳಿಗೆ ನೋಂದಣಿ ಹಾಗೂ ತಪಾಸಣಾ ಪ್ರಮಾಣಪತ್ರಗಳು ಅಗತ್ಯವೆಂದು 2021ರ ಒಳನಾಡು ಹಡಗುಗಳ ಕಾಯ್ದೆಯು ವಿಧಿಸಿದೆ. ಈ ಕಾಯ್ದೆಯು 1917ರ ಹಳೆಯ ಕಾಯ್ದೆಯ ಬದಲಿಗೆ ಬಂದದ್ದಾಗಿರುತ್ತದೆ. ದೋಣಿ ಯಾವುದೇ ಇರಲಿ, ಪ್ರಯಾಣಿಕರು ಕೆಳಕಂಡ ಅಂಶಗಳನ್ನು ಕೇಳಿ ತಿಳಿದುಕೊಳ್ಳಬಹುದು. ಕೇಳುವುದರಲ್ಲಿ ಸಂಕೋಚ ಬೇಡ.

ಅ) ದೋಣಿಯ ನೋಂದಣಿ ಸಂಖ್ಯೆ ಹಾಗೂ ತಪಾಸಣಾ ಪ್ರಮಾಣಪತ್ರದ ಅವಧಿ.

ಆ) ಅನುಮತಿಸಲಾದ ಪ್ರಯಾಣಿಕರ ಸಂಖ್ಯೆ. ಮಕ್ಕಳನ್ನೂ ಎಣಿಕೆಯಲ್ಲಿ ಸೇರಿಸಬೇಕು. ಸಂಖ್ಯೆ ಮೀರಿದ್ದರೆ ಹಣ ಪಾವತಿಸಿದ್ದರೂ ಇಳಿದುಬಿಡಬೇಕು.

ಇ) ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್, ಮಕ್ಕಳಿಗೆ ಅವರ ಅಳತೆಯದು. ಜಾಕೆಟ್ ಅನ್ನು ದೋಣಿ ಏರುವ ಮೊದಲೇ ಧರಿಸಿ ಪಟ್ಟಿಗಳನ್ನು ಬಿಗಿಯಬೇಕು. ಆಸನದ ಕೆಳಗೆ ಇಟ್ಟ ಜಾಕೆಟ್ ದೋಣಿ ಮಗುಚಿದಾಗ ಪ್ರಯೋಜನಕ್ಕೆ ಬರುವುದಿಲ್ಲ. ಸೀರೆ ಉಟ್ಟವರೂ ಜಾಕೆಟ್ಟನ್ನು ಎಲ್ಲಕ್ಕಿಂತ ಮೇಲೆ ಧರಿಸತಕ್ಕದ್ದು.

ಈ) ಕೊನೆಯ ದೋಣಿ ಎಷ್ಟು ಗಂಟೆಗೆ, ಅದು ತಪ್ಪಿದರೆ ಏನು ವ್ಯವಸ್ಥೆ ಎಂಬುದು. ಕೊನೆಯ ದೋಣಿಯಲ್ಲಿಯೇ ಅತಿ ಹೆಚ್ಚು ನೂಕುನುಗ್ಗಲು ಇರುವುದರಿಂದ ಅದಕ್ಕಿಂತ ಮುಂಚಿನ ದೋಣಿಯನ್ನು ಆರಿಸಿಕೊಳ್ಳುವುದು ಉತ್ತಮ.

ಉ) ಪ್ರಯಾಣದಲ್ಲಿ ಎಲ್ಲರೂ ಕುಳಿತೇ ಇರಬೇಕು. ಫೋಟೋ ತೆಗೆಯಲು ಅಥವಾ ಡಾಲ್ಫಿನ್ ನೋಡಲು ಎಲ್ಲರೂ ಒಂದೇ ಬದಿಗೆ ಎದ್ದು ನಿಂತರೆ ದೋಣಿಯ ಸಮತೋಲನ ತಪ್ಪುತ್ತದೆ.

ಊ) ತಂಡದ ಸದಸ್ಯರ ಹೆಸರು, ಹೋಗುವ ಸ್ಥಳ ಹಾಗೂ ಮರಳುವ ಸಮಯವನ್ನು ದಡದಲ್ಲಿರುವ ಅಥವಾ ಊರಿನಲ್ಲಿರುವ ಒಬ್ಬರಿಗೆ ಬರೆದು ಕೊಡಬೇಕು. ನಿಗದಿತ ಸಮಯ ಮೀರಿದರೆ ಅವರು ಸಹಾಯವಾಣಿಗೆ ಕರೆ ಮಾಡಬೇಕು.

8. ಮಲಪ್ರಭೆ ಹಾಗೂ ರೇಣುಕಾಸಾಗರ ಜಲಾಶಯಕ್ಕೆ ಅನ್ವಯಿಸುವ ಸೂಚನೆಗಳು

ನಮ್ಮ ನದಿಯಲ್ಲಿ ಭರತ-ಇಳಿತಗಳಿಲ್ಲ. ಆದರೆ ಜಲಾಶಯದ ಕೆಳಭಾಗದ ಗ್ರಾಮಗಳಿಗೆ ನೀರು ಬಿಡುಗಡೆಯೇ ಭರತವಿದ್ದಂತೆ. ವ್ಯತ್ಯಾಸವೆಂದರೆ ಈ ಭರತಕ್ಕೆ ಪಂಚಾಂಗವಿಲ್ಲ, ಪ್ರಕಟಣೆ ಮಾತ್ರ ಇದೆ.

ನವಿಲುತೀರ್ಥದ ಜಲಾಶಯದ ಪೂರ್ಣ ಮಟ್ಟ 2079.50 ಅಡಿ, ಸಂಗ್ರಹ ಸಾಮರ್ಥ್ಯ ಸುಮಾರು 37.73 ಟಿಎಂಸಿ ಅಡಿ. ನೀರಿನ ಮಟ್ಟ ಪೂರ್ಣ ಮಟ್ಟಕ್ಕೆ ಸಮೀಪಿಸಿ, ಖಾನಾಪುರ ಭಾಗದಲ್ಲಿ ಮಳೆ ಮುಂದುವರಿದಿದ್ದರೆ ಯಾವುದೇ ಹೊತ್ತಿನಲ್ಲಿ ನದಿಗೆ ನೀರು ಬಿಡಬೇಕಾಗಬಹುದು. 2019ರ ಆಗಸ್ಟ್ ತಿಂಗಳಿನಲ್ಲಿ ಹೀಗೆ ಬಂದ ನೀರು ಮುನವಳ್ಳಿ ಹಾಗೂ ರಾಮದುರ್ಗದ ಜನವಸತಿಗಳಿಗೆ ನುಗ್ಗಿ ಅಪಾರ ಹಾನಿಯಾಗಿದ್ದನ್ನು ಸಾರ್ವಜನಿಕರು ಮರೆತಿಲ್ಲ. ಆದ್ದರಿಂದ,

ಅ) ಪ್ರವಾಹದ ಮುನ್ಸೂಚನೆ ಅಥವಾ ನೀರು ಬಿಡುಗಡೆಯ ಪ್ರಕಟಣೆ ಇದ್ದಾಗ ತೆಪ್ಪ, ಹರಗೋಲು, ಮೀನುಗಾರಿಕೆ ದೋಣಿ ಯಾವುದನ್ನೂ ನದಿಗೆ ಇಳಿಸಬಾರದು.

ಆ) ನಡುಗಡ್ಡೆಯಲ್ಲಿ ಅಥವಾ ಆಚೆ ದಡದಲ್ಲಿ ಉಳಿದ ಪಂಪ್‌ಸೆಟ್, ಮೇವು, ದನಕರುಗಳನ್ನು ತರಲು ಏರುತ್ತಿರುವ ನೀರಿಗೆ ಇಳಿಯುವುದು ಅತ್ಯಂತ ಅಪಾಯಕಾರಿ. ಆ ಕೆಲಸವನ್ನು ಪ್ರಕಟಣೆ ಬಂದೊಡನೆಯೇ, ನೀರು ಬರುವ ಮುನ್ನ ಮುಗಿಸಬೇಕು. ನೀರು ಬಂದ ನಂತರ 112 ಅಥವಾ 1077ಕ್ಕೆ ಕರೆ ಮಾಡಿ ರಕ್ಷಣಾ ತಂಡದ ನೆರವು ಪಡೆಯಬೇಕು. ಪಂಪ್‌ಸೆಟ್ ಮತ್ತೆ ಕೊಳ್ಳಬಹುದಾದ ವಸ್ತು.

ಇ) ಹಿನ್ನೀರಿನಲ್ಲಿ ನೀರಿನ ಹರವು ವಿಶಾಲವಾಗಿರುವುದರಿಂದ ಗಾಳಿ ಬೀಸಿದಾಗ ಅಲೆಗಳು ಬೇಗ ಏಳುತ್ತವೆ. ಗಾಳಿ ಬೀಸುವ ದಿಕ್ಕಿನ ಕೊನೆಯ ದಡದಲ್ಲಿ ಅಲೆಗಳು ದೊಡ್ಡವು. ಏಪ್ರಿಲ್-ಮೇ ತಿಂಗಳುಗಳ ಮಧ್ಯಾಹ್ನದ ನಂತರ ಗುಡುಗು ಸಹಿತ ಗಾಳಿಮಳೆಯು ಹಠಾತ್ತಾಗಿ ಎರಗುವುದರಿಂದ ಅಷ್ಟರೊಳಗೆ ದಡ ಸೇರಬೇಕು. ಕೊನೆಯ ಗುಡುಗು ಕೇಳಿದ 30 ನಿಮಿಷಗಳವರೆಗೆ ಮತ್ತೆ ನೀರಿಗೆ ಇಳಿಯಬಾರದು.

ಈ) ಜಲಾಶಯದ ಮಟ್ಟ ಇಳಿದಾಗ ಹಳೆಯ ಗಿಡಗಂಟಿಗಳು, ಒಡ್ಡುಗಳು, ಬಂಡೆಗಳು ನೀರಿನ ಮೇಲ್ಮೈಗೆ ಸಮೀಪವಾಗಿರುತ್ತವೆ. ಮಟ್ಟ ಏರಿದಾಗ ತಿಳಿದಿದ್ದ ದಾರಿಯು ಇಳಿದಾಗ ಸುರಕ್ಷಿತವೆಂದು ಭಾವಿಸಬಾರದು.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹುಣ್ಣಿಮೆಯ ದಿನ ದ್ವೀಪಕ್ಕೆ ಹೋಗಲೇಬಾರದೇ?
ಉತ್ತರ: ಹಾಗೇನಿಲ್ಲ. ಆದರೆ ಆ ದಿನ ಸೆಳೆತ ಹೆಚ್ಚಿರುವುದರಿಂದ ಸಮಯದ ಲೆಕ್ಕದಲ್ಲಿ ಸಡಿಲಿಕೆಗೆ ಅವಕಾಶವಿಲ್ಲ. ಜಾತ್ರೆಯ ದಿನವಾದರೆ ಜನಸಂದಣಿಯೂ ಸೇರುವುದರಿಂದ ಬೆಳಗಿನ ಮೊದಲ ದೋಣಿಗಳಲ್ಲಿ ಹೋಗಿ, ಮಧ್ಯಾಹ್ನಕ್ಕೆ ಮುಂಚೆ ಮರಳಬೇಕು.

ಪ್ರಶ್ನೆ: ನನಗೆ ಈಜು ಬರುತ್ತದೆ, ಜಾಕೆಟ್ ಬೇಕೇ?
ಉತ್ತರ: ಬೇಕು. ಬಾವಿ ಹಾಗೂ ಕಾಲುವೆಯಲ್ಲಿ ಕಲಿತ ಈಜು ಅಲೆ ಮತ್ತು ಸೆಳೆತದಲ್ಲಿ ಸಾಕಾಗುವುದಿಲ್ಲ. ಈಜು ಬರುವವರು ಮುಳುಗುವವರನ್ನು ರಕ್ಷಿಸಲು ಹೋಗಿ ಜೀವ ಕಳೆದುಕೊಳ್ಳುವುದೂ ಉಂಟು.

ಪ್ರಶ್ನೆ: ದೋಣಿ ನಡೆಸುವವರೇ ಹೋಗಬಹುದು ಎಂದರೆ ನಾವು ಬೇಡವೆನ್ನಬಹುದೇ?
ಉತ್ತರ: ಬೇಡವೆನ್ನಬಹುದು. ಆದರೆ ದೋಣಿ ನಡೆಸುವವರು ಬೇಡವೆಂದಾಗ ಹೋಗೋಣವೆಂದು ಒತ್ತಾಯಿಸುವಂತಿಲ್ಲ, ಹೆಚ್ಚಿನ ಹಣದ ಆಸೆ ತೋರಿಸುವಂತಿಲ್ಲ.

ಪ್ರಶ್ನೆ: ದೋಣಿ ಮಗುಚಿದರೆ ಏನು ಮಾಡಬೇಕು?
ಉತ್ತರ: ಮಗುಚಿದ ದೋಣಿಯು ತೇಲುತ್ತಿದ್ದರೆ ಅದನ್ನು ಹಿಡಿದುಕೊಂಡೇ ಇರಬೇಕು. ದಡ ಹತ್ತಿರ ಕಂಡರೂ ಈಜಲು ಹೋಗಬಾರದು. ಎಲ್ಲರೂ ಒಟ್ಟಾಗಿದ್ದರೆ ರಕ್ಷಣಾ ತಂಡಕ್ಕೆ ಬೇಗ ಕಾಣಿಸುತ್ತಾರೆ.

ಪ್ರಶ್ನೆ: ದ್ವೀಪದಲ್ಲಿ ಸಿಕ್ಕಿಕೊಂಡರೆ?
ಉತ್ತರ: ಸಮುದ್ರ ಕೆಟ್ಟಿದ್ದಾಗ ದ್ವೀಪದಲ್ಲಿ ಉಳಿಯುವುದೇ ದೋಣಿ ಏರುವುದಕ್ಕಿಂತ ಸುರಕ್ಷಿತ. ಭರತದ ನೀರು ತಲುಪದ ಎತ್ತರದ ಜಾಗದಲ್ಲಿ ಕುಳಿತು ಸಹಾಯವಾಣಿಗೆ ಕರೆ ಮಾಡಬೇಕು. ಈ ಕಾರಣಕ್ಕಾಗಿಯೇ ಕುಡಿಯುವ ನೀರು, ಸ್ವಲ್ಪ ಆಹಾರ, ಔಷಧ ಹಾಗೂ ಪೂರ್ತಿ ಚಾರ್ಜ್ ಮಾಡಿದ ಮೊಬೈಲನ್ನು ನೀರು ತಾಗದ ಚೀಲದಲ್ಲಿ ಒಯ್ಯಬೇಕು.

10. ತುರ್ತು ದೂರವಾಣಿ ಸಂಖ್ಯೆಗಳು

ಎಲ್ಲ ತುರ್ತು ಸಂದರ್ಭಗಳಿಗೆ: 112
ಭಾರತೀಯ ಕರಾವಳಿ ರಕ್ಷಣಾ ಪಡೆ, ಸಮುದ್ರ ಶೋಧ ಹಾಗೂ ರಕ್ಷಣೆ: 1554
ಕರಾವಳಿ ಕಾವಲು ಪೊಲೀಸ್: 1093
ಜಿಲ್ಲಾ ವಿಪತ್ತು ನಿರ್ವಹಣಾ ಸಹಾಯವಾಣಿ: 1077
ರಾಜ್ಯ ವಿಪತ್ತು ನಿರ್ವಹಣಾ ಸಹಾಯವಾಣಿ: 1070

ಕರೆ ಮಾಡುವಾಗ ಇರುವ ಸ್ಥಳ, ಜನರ ಸಂಖ್ಯೆ, ಗಾಯಗೊಂಡವರ ವಿವರ ಹಾಗೂ ದೋಣಿಯ ಸಂಖ್ಯೆಯನ್ನು ತಿಳಿಸಬೇಕು.

ಶಾಲಾ ಪ್ರವಾಸ, ಸ್ತ್ರೀಶಕ್ತಿ ಸಂಘಗಳ ಪ್ರವಾಸ ಹಾಗೂ ಜಾತ್ರೆಗೆ ಹೊರಡುವ ತಂಡಗಳ ಮುಖ್ಯಸ್ಥರು ಈ ಪುಟವನ್ನು ಮುದ್ರಿಸಿಕೊಂಡು, ಹೊರಡುವ ಮುನ್ನಾದಿನ ಎಲ್ಲ ಸದಸ್ಯರಿಗೆ ಓದಿ ಹೇಳಬೇಕೆಂದು ಕೋರಲಾಗಿದೆ. ಮರಳುವ ಸಮಯವನ್ನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ತಂಡದ ಪ್ರತಿಯೊಬ್ಬರಿಗೂ ನೀಡುವುದು ಸೂಕ್ತ. ಆ ಸಮಯ ಬಂದಾಗ ದರ್ಶನ, ಊಟ, ಫೋಟೋ ಯಾವುದು ಬಾಕಿ ಉಳಿದಿದ್ದರೂ ದಡದ ಬಳಿ ಕೂಡತಕ್ಕದ್ದು. ಬಾಕಿ ಉಳಿದದ್ದನ್ನು ಮುಂದಿನ ವರ್ಷ ಪೂರೈಸಬಹುದು.

ಸ್ಥಳೀಯ ಮಾಹಿತಿಗಾಗಿ ಆಯಾ ತಾಲ್ಲೂಕಿನ ತಹಶೀಲ್ದಾರರ ಕಚೇರಿಯನ್ನು ಹಾಗೂ ದ್ವೀಪ ಪ್ರಯಾಣದ ಮಾಹಿತಿಗಾಗಿ ಸಂಬಂಧಿಸಿದ ಬಂದರು ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.